ಬೀರುವಿನಲ್ಲಿದ್ದ ಹಳೇ ಕ್ಯಾಮೆರಾ ಒಳ್ಳೇದಾ, ದುಡಿದ ಕ್ಯಾಮೆರಾ ಒಳ್ಳೇದಾ?

ಪ್ರಶ್ನೆ: ಮೂರು ವರ್ಷದಿಂದ ಮೊಬೈಲ್‌ನಲ್ಲೇ ಫೋಟೊ ತೆಗೆಯುತ್ತಿದ್ದೇನೆ. ಈಗ ಒಂದು ಕ್ಯಾಮೆರಾ ಬೇಕು ಅನ್ನಿಸಿದೆ. ಹೊಸದು ಕೊಳ್ಳುವಷ್ಟು ಹಣ ಇಲ್ಲ. ಹುಡುಕಿದಾಗ ಎರಡು ನಿಕಾನ್ ಡಿ90 ಸಿಕ್ಕಿವೆ. ಎರಡಕ್ಕೂ 18-105 ಮಿಮೀ ಝೂಮ್ ಲೆನ್ಸ್ ಇದೆ, ಬೆಲೆ ಹೆಚ್ಚುಕಡಿಮೆ ಒಂದೇ. ಮೊದಲನೆಯದು ಪರಿಚಿತರೊಬ್ಬರದು. ಒಂದು ಗೀರೂ ಇಲ್ಲ, ಡಬ್ಬ ಕೂಡ ಇದೆ. ಶಟರ್ ಕೌಂಟ್ (ಇಲ್ಲಿವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನುವ ಎಣಿಕೆ) ಬರೀ 4,200 ಅಂತಾರೆ. ಎಂಟು ವರ್ಷದಿಂದ ಚರ್ಮದ ಬ್ಯಾಗಿನಲ್ಲಿ ಬೀರುವಿನೊಳಗೇ ಇತ್ತಂತೆ. ಎರಡನೆಯದು ಒಬ್ಬ ಫೋಟೊಗ್ರಾಫರ್‌ದು. ಅಂಚಿನಲ್ಲಿ ಬಣ್ಣ ಹೋಗಿದೆ, ಕೌಂಟ್ 61,000. ಆದರೆ ಕಳೆದ ವಾರವೂ ಅದರಲ್ಲೇ ಕೆಲಸ ಮಾಡಿದ್ದಾರೆ. ಮನೆಯವರೆಲ್ಲ ಮೊದಲನೆಯದೇ ತಗೋ ಅಂತಿದ್ದಾರೆ. ಒಬ್ಬ ಗೆಳೆಯ, "ಎರಡೂ ಬೇಡ, 12 ಮೆಗಾಪಿಕ್ಸೆಲ್ ಯಾವ ಕಾಲದ್ದು, ನಿನ್ನ ಮೊಬೈಲ್‌ನಲ್ಲೇ 50 ಇದೆ" ಅಂತಾನೆ. ಗೆಳತಿಯೊಬ್ಬಳು, "ಹಳೇ ಸಿಸಿಡಿ ಕ್ಯಾಮೆರಾ ಬಣ್ಣವೇ ಬೇರೆ, ಅಂಥದ್ದು ಹುಡುಕು" ಅಂತಾಳೆ. ನನ್ನ ಮಗಳು ವೇದಿಕೆ ಮೇಲೆ ನೃತ್ಯ ಮಾಡುತ್ತಾಳೆ, ಅದನ್ನು ತೆಗೆಯಬೇಕು. ಮನೆ ಹಿಂದಿನ ಮರಕ್ಕೆ ಬರುವ ಹಕ್ಕಿಗಳನ್ನೂ ತೆಗೆಯುವ ಆಸೆ. ಕೊಂಡು ಆರು ತಿಂಗಳಿಗೇ ಕೆಟ್ಟರೆ ಹಣವೆಲ್ಲ ನೀರಿಗೆ ಹಾಕಿದ ಹಾಗೆ ಅನ್ನೋದೇ ಭಯ. ಏನು ಮಾಡಲಿ?

ಉತ್ತರ: ಭಯ ಇರಬೇಕಾದ್ದೇ. ಆದರೆ ನೀವು ಹೆದರಬೇಕಾದ ಕ್ಯಾಮೆರಾ ಬೇರೆ. ನಿಮ್ಮ ಪತ್ರದಲ್ಲಿ 61,000 ಕ್ಲಿಕ್ ಆದ ಕ್ಯಾಮೆರಾ ಮೇಲೆ ಅನುಮಾನ ಇದೆ, ಬೀರುವಿನ ಕ್ಯಾಮೆರಾ ಮೇಲೆ ಆಸೆ ಇದೆ. ನನಗೆ ಉಲ್ಟಾ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಕ್ಯಾಮೆರಾ, ಲೆನ್ಸ್ ರಿಪೇರಿ ಮಾಡುತ್ತಿದ್ದೇನೆ. ದುಡಿದು ಸವೆದ ಕ್ಯಾಮೆರಾಗಳು ನನ್ನ ಮೇಜಿಗೆ ಬರುತ್ತವೆ, ನಿಜ. ಅದಕ್ಕಿಂತ ಹೆಚ್ಚು ಬರುವುದು ಸುಮ್ನೆ ಇಟ್ಟು ಕೆಟ್ಟವು.

ಒಂದು ಉದಾಹರಣೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬರು ಒಂದು ಕ್ಯಾಮೆರಾ ತಂದರು. ಡಬ್ಬ, ಬಿಲ್ಲು, ಕೈಪಿಡಿ, ಕುತ್ತಿಗೆ ಪಟ್ಟಿಯ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಎರಡು ಸಾವಿರ ಕ್ಲಿಕ್ ಕೂಡ ಆಗಿರಲಿಲ್ಲ. "ಆನ್ ಆಗ್ತಿಲ್ಲ, ಬ್ಯಾಟರಿ ಇರಬೇಕು" ಅಂದರು. ಕೈಗೆ ತಗೊಂಡ ಕೂಡಲೇ ಹಿಡಿಕೆಯ ರಬ್ಬರ್ ಬೆರಳಿಗೆ ಅಂಟಿತು, ಬೆಲ್ಲದ ಪಾಕದ ಹಾಗೆ. ಬ್ಯಾಟರಿ ಉಬ್ಬಿ ಒಳಗೇ ಸಿಕ್ಕಿಕೊಂಡಿತ್ತು. ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದೆ. ಗಾಜಿನ ಅಂಚಿನಿಂದ ನಡುವಿಗೆ ಜೇಡರ ಬಲೆಯ ಹಾಗೆ ಸಣ್ಣ ಬಿಳಿ ಎಳೆಗಳು ಹಬ್ಬಿದ್ದವು. ಫಂಗಸ್. ಎರಡು ಗಾಜಿನ ನಡುವೆ ಬೆಳೆದು ಮೇಲಿನ ಕೋಟಿಂಗ್ ತಿಂದಿತ್ತು. ಅವರ ಮುಖ ನೋಡಿ ನನಗೂ ಬೇಜಾರಾಯಿತು. ಬಹಳ ಜೋಪಾನ ಮಾಡಿದ ವಸ್ತು ಅದು. ಜೋಪಾನ ಮಾಡಿದ ರೀತಿಯೇ ಅದನ್ನು ತಿಂದುಹಾಕಿತ್ತು.

ಯಾಕೆ ಹೀಗಾಗುತ್ತದೆ ಅಂತ ಗೊತ್ತಾದರೆ ನಿಮ್ಮ ಎರಡು ಕ್ಯಾಮೆರಾಗಳನ್ನು ನೀವೇ ತೂಗಿ ನೋಡಬಹುದು.

ಮೊದಲು ತೇವ. ಫಂಗಸ್ ಬೀಜ ಗಾಳಿಯಲ್ಲಿ ಎಲ್ಲ ಕಡೆ ಇರುತ್ತದೆ, ಲೆನ್ಸ್ ಒಳಗೂ ಇರುತ್ತದೆ. ಅದಕ್ಕೆ ಬೇಕಾದ್ದು ತೇವ, ಕತ್ತಲೆ, ಅಲುಗಾಡದ ಗಾಳಿ. ಚರ್ಮದ ಬ್ಯಾಗ್ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಿದ ಬೀರು ಕತ್ತಲೆ ಕೊಡುತ್ತದೆ. ಎಂಟು ವರ್ಷ ಯಾರೂ ಮುಟ್ಟಲಿಲ್ಲ ಅಂದರೆ ಗಾಳಿಯೂ ಆಡಲಿಲ್ಲ. ಫಂಗಸ್‌ಗೆ ಇದಕ್ಕಿಂತ ಒಳ್ಳೇ ಮನೆ ಬೇಕಾ? ದಿನಾ ಬಳಸುವ ಲೆನ್ಸ್‌ಗೆ ಬೆಳಕು ತಾಗುತ್ತದೆ. ಝೂಮ್ ಹಿಂದೆ ಮುಂದೆ ಆದಾಗ ಒಳಗಿನ ಗಾಳಿ ಬದಲಾಗುತ್ತದೆ. ಅಂಥ ಲೆನ್ಸ್‌ನಲ್ಲಿ ಧೂಳು ಇರುತ್ತದೆ, ಫಂಗಸ್ ಕಡಿಮೆ. ಧೂಳಿನಿಂದ ಫೋಟೊಗೆ ಏನೂ ಆಗುವುದಿಲ್ಲ.

ಎರಡನೆಯದು ಎಣ್ಣೆ ಮತ್ತು ರಬ್ಬರ್. ಲೆನ್ಸ್ ಒಳಗೆ, ಕನ್ನಡಿ ಎತ್ತುವ ಭಾಗದಲ್ಲಿ, ಫೋಕಸ್ ತಿರುಗುವ ಕಡೆ ತೆಳುವಾಗಿ ಗ್ರೀಸ್ ಹಚ್ಚಿರುತ್ತಾರೆ. ವರ್ಷಗಟ್ಟಲೆ ನಿಂತರೆ ಅದು ಗಟ್ಟಿಯಾಗುತ್ತದೆ, ಇಲ್ಲವೇ ಅದರ ಎಣ್ಣೆ ಬೇರ್ಪಟ್ಟು ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ) ಎಲೆಗಳ ಮೇಲೆ ಹರಿಯುತ್ತದೆ. ಆಗ ಎಲೆಗಳು ಅಂಟಿಕೊಂಡು ನಿಧಾನ ಆಗುತ್ತವೆ, ಫೋಟೊಗಳು ಸುಮ್ಸುಮ್ನೆ ಜಾಸ್ತಿ ಬೆಳ್ಳಗೆ ಬರುತ್ತವೆ. ಹಿಡಿಕೆಯ ರಬ್ಬರ್ ಬಳಸಿದರೂ ಹಳೆಯದಾಗುತ್ತದೆ, ಇಟ್ಟರೂ ಆಗುತ್ತದೆ. ಬಿಸಿ ಮತ್ತು ತೇವದಲ್ಲಿ ಮುಚ್ಚಿಟ್ಟರೆ ಬೇಗ ಅಂಟಾಗುತ್ತದೆ.

ಮೂರನೆಯದು ವಿದ್ಯುತ್ತಿನ ಭಾಗಗಳು. ಲಿಥಿಯಂ ಬ್ಯಾಟರಿ ಖಾಲಿಯಾಗಿ ವರ್ಷಗಟ್ಟಲೆ ಬಿದ್ದರೆ ಸಾಯುತ್ತದೆ. ಅದರೊಳಗಿನ ರಕ್ಷಣೆ ಸರ್ಕ್ಯೂಟ್ ಮತ್ತೆ ಚಾರ್ಜ್ ಆಗಲು ಬಿಡುವುದಿಲ್ಲ. ಬಿಡದಿರುವುದೇ ಒಳ್ಳೇದು. ಯಾರಾದರೂ "ನಾನು ಎಬ್ಬಿಸಿ ಕೊಡ್ತೀನಿ" ಅಂದರೆ ಬೇಡ ಅನ್ನಿ, ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಗಡಿಯಾರ ನಡೆಸುವ ಸಣ್ಣ ಬ್ಯಾಟರಿ ಇನ್ನೊಂದು ಒಳಗೆ ಇರುತ್ತದೆ. ಅದು ಖಾಲಿಯಾಗಿದ್ದರೆ ದಿನಾಂಕ ನಿಲ್ಲುವುದಿಲ್ಲ. ದೊಡ್ಡ ಬ್ಯಾಟರಿ ಹಾಕಿ ಎರಡು ಮೂರು ದಿನ ಬಿಟ್ಟರೆ ಡಿ90ಯಲ್ಲಿ ಅದು ತಾನೇ ಚಾರ್ಜ್ ಆಗುತ್ತದೆ. ಅದಾದ ಮೇಲೂ ಬ್ಯಾಟರಿ ತೆಗೆದ ಕೂಡಲೇ ದಿನಾಂಕ ಮರೆತರೆ ಆ ಸಣ್ಣದು ಹೋಗಿದೆ ಅಂತ ಲೆಕ್ಕ. ಫೋಟೊಗೆ ತೊಂದರೆ ಇಲ್ಲ, ಕಿರಿಕಿರಿ ಅಷ್ಟೇ.

ಇನ್ನು ಶಟರ್ ಕೌಂಟ್. ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಡಿ90ಯ ಶಟರನ್ನು ಒಂದು ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದ್ದಾರೆ. ಒಂದು ಲಕ್ಷ ಮುಟ್ಟಿದ ದಿನ ಅದು ನಿಲ್ಲುತ್ತದೆ ಅಂತ ಅಲ್ಲ, ಅಲ್ಲಿವರೆಗೆ ನಿಲ್ಲುವುದೇ ಇಲ್ಲ ಅಂತಲೂ ಅಲ್ಲ. ಮೂವತ್ತು ಸಾವಿರಕ್ಕೇ ಕೈ ಕೊಟ್ಟ ಶಟರ್ ಕಂಡಿದ್ದೇನೆ. ಎರಡು ಲಕ್ಷ ದಾಟಿ ಓಡುತ್ತಿದ್ದದ್ದನ್ನೂ ಕಂಡಿದ್ದೇನೆ. ನೀವು ವಾರಕ್ಕೆ ಇನ್ನೂರು ಫೋಟೊ ತೆಗೆದರೂ ವರ್ಷಕ್ಕೆ ಹತ್ತು ಸಾವಿರದಷ್ಟು ಆಗುತ್ತದೆ. 61,000ದಿಂದ ಒಂದು ಲಕ್ಷಕ್ಕೆ ಹೋಗಲು ನಿಮಗೆ ಹೆಚ್ಚುಕಡಿಮೆ ನಾಲ್ಕು ವರ್ಷ ಬೇಕು.

ಆ 4,200 ಎಲ್ಲಿಂದ ಬಂತು ಅಂತ ಮೊದಲು ಕೇಳಿ. ಫೋಟೊ ಹೆಸರಿನಲ್ಲಿರುವ ಸಂಖ್ಯೆ ನೋಡಿ ಹೇಳಿದ್ದರೆ ಅದಕ್ಕೆ ಬೆಲೆ ಇಲ್ಲ. ಆ ಸಂಖ್ಯೆ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಕಾರ್ಡ್ ಬದಲಿಸಿದರೂ ಮೊದಲಿಂದ ಶುರುವಾಗಬಹುದು. ಹಾಗಾಗಿ 4200 ಅಂತ ಕಂಡದ್ದು 14,200 ಇರಬಹುದು, 34,200 ಇರಬಹುದು. ಮಾರುವವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಪಾಪ ಅವರಿಗೇ ಗೊತ್ತಿರುವುದಿಲ್ಲ. ನಿಕಾನ್ ಕ್ಯಾಮೆರಾ ಪ್ರತಿ ಫೋಟೊದ ಒಳಗೆ ನಿಜವಾದ ಎಣಿಕೆ ಬರೆದಿಡುತ್ತದೆ. ಅದಕ್ಕೆ ಎಕ್ಸಿಫ್ ಮಾಹಿತಿ ಅಂತಾರೆ. ನಿಮ್ಮ ಎದುರೇ ಒಂದು ಜೆಪೆಗ್ ಫೋಟೊ ತೆಗೆಸಿ, ಕಾರ್ಡಿನಿಂದ ನೇರ ಕಾಪಿ ಮಾಡಿಕೊಂಡು, ಎಕ್ಸಿಫ್ ತೋರಿಸುವ ಯಾವುದಾದರೂ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊದಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ, ಅದನ್ನು ಒಪ್ಪಬೇಡಿ. ಕ್ಯಾನನ್ ಆಗಿದ್ದರೆ ಸ್ವಲ್ಪ ಕಷ್ಟ. ಬಹುತೇಕ ಮಾಡೆಲ್‌ಗಳಲ್ಲಿ ಜೆಪೆಗ್ ಒಳಗೆ ಎಣಿಕೆ ಇರುವುದಿಲ್ಲ, ಕ್ಯಾಮೆರಾವನ್ನೇ ಕಂಪ್ಯೂಟರ್‌ಗೆ ಜೋಡಿಸಿ ನೋಡಬೇಕು.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ.

50 ಮೆಗಾಪಿಕ್ಸೆಲ್ ಮೊಬೈಲ್ ಎದುರು 12 ಏನು ಲೆಕ್ಕ ಅನ್ನುವುದು ಕೇಳಲು ಸರಿ ಅನ್ನಿಸುತ್ತದೆ. ಆದರೆ 50 ಮೆಗಾಪಿಕ್ಸೆಲ್ ಫೋನ್‌ಗಳು ಸಾಮಾನ್ಯವಾಗಿ ನಾಲ್ಕು ಚುಕ್ಕೆ ಸೇರಿಸಿ ಒಂದು ಮಾಡಿ ಸುಮಾರು 12 ಮೆಗಾಪಿಕ್ಸೆಲ್ ಫೋಟೊವನ್ನೇ ಕೊಡುತ್ತವೆ. ನಿಮ್ಮ ಫೋನ್‌ನ ಗ್ಯಾಲರಿಯಲ್ಲಿ ಒಂದು ಫೋಟೊದ ವಿವರ ತೆರೆದು ನೋಡಿ. ಡಿ90 ಕೊಡುವುದು 4288 ಉದ್ದ, 2848 ಅಗಲದ ಚಿತ್ರ. ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ 14 ಇಂಚು ಉದ್ದ, ಒಂಬತ್ತೂವರೆ ಇಂಚು ಅಗಲ ಬರುತ್ತದೆ. ಎ4 ಹಾಳೆಗಿಂತ ದೊಡ್ಡದು. 4ಕೆ ಟಿವಿಯ ಪರದೆ ತುಂಬಲು ಸುಮಾರು 8 ಮೆಗಾಪಿಕ್ಸೆಲ್ ಸಾಕು.

ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಅದರ ಗಾತ್ರದಲ್ಲಿ ವ್ಯತ್ಯಾಸ ದೊಡ್ಡದು. ದೊಡ್ಡ ಸೆನ್ಸರ್ ಅಂತ ಮಾರುವ ಫೋನ್‌ಗಳಲ್ಲೂ ಅದು ಸಾಮಾನ್ಯವಾಗಿ ಸುಮಾರು 10 ಮಿಮೀ ಅಗಲ ಇರುತ್ತದೆ. ಡಿ90ಯದು 23.6 ಮಿಮೀ. ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ ಐದು ಪಟ್ಟು. ಹಾಗಂತ ಫೋನ್ ಸೋತಿತು ಅಂದುಕೊಳ್ಳಬೇಡಿ. ಫೋನ್ ಒಂದೇ ಕ್ಲಿಕ್‌ಗೆ ಹಲವು ಫೋಟೊ ತೆಗೆದು ಜೋಡಿಸುತ್ತದೆ. ರಾತ್ರಿ ಹೊತ್ತು ಅಲುಗಾಡದ ವಸ್ತು, ಬಿಸಿಲು ನೆರಳು ಕೂಡಿದ ದೃಶ್ಯ, ಇವುಗಳಲ್ಲಿ 2008ರಲ್ಲಿ ಬಂದ ಡಿ90ಗಿಂತ ಫೋನೇ ಸುಲಭವಾಗಿ ಒಳ್ಳೇ ಫೋಟೊ ಕೊಡುತ್ತದೆ. ವಿಡಿಯೊಗಂತೂ ಡಿ90 ಬೇಡವೇ ಬೇಡ. ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ) ಅದೇ, ಆ ಗೌರವ ಅದಕ್ಕೆ ಇದೆ. ಆದರೆ 720ಪಿ ಮಾತ್ರ. ರೆಕಾರ್ಡ್ ಆಗುವಾಗ ಫೋಕಸ್ ತಾನಾಗಿ ಆಗುವುದಿಲ್ಲ, ಎಚ್‌ಡಿಯಲ್ಲಿ ಒಂದು ಸಲಕ್ಕೆ ಐದು ನಿಮಿಷ ಅಷ್ಟೇ. ಓಡುವ, ಕುಣಿಯುವ, ಹಾರುವ ಜೀವಿಗಳನ್ನು ಹಿಡಿಯಲು, ದೂರದ್ದನ್ನು ಹತ್ತಿರ ತರಲು ಕ್ಯಾಮೆರಾ ಬೇಕು. ನಿಮಗೆ ಬೇಕಾಗಿರುವುದೂ ಅದೇ ಅಲ್ವಾ?

ಸಿಸಿಡಿ ಬಣ್ಣದ ಮಾತು ಈಗ ಬಹಳ ಓಡುತ್ತಿದೆ. ಸಿಸಿಡಿ, ಸಿಮಾಸ್ ಅಂದರೆ ಸೆನ್ಸರ್‌ನ ಎರಡು ಬಗೆ. ಡಿ90ಯಲ್ಲಿರುವುದು ಸಿಸಿಡಿ ಅಲ್ಲ, ಸಿಮಾಸ್ ಸೆನ್ಸರ್. ಅದಕ್ಕಿಂತ ಹಿಂದಿನ ಡಿ80ಯಲ್ಲಿ ಸಿಸಿಡಿ ಇತ್ತು. ಹಳೇ ಕ್ಯಾಮೆರಾಗಳ ಬಣ್ಣ ಬೇರೆ ಥರ ಕಾಣುವುದು ನಿಜ, ನನಗೂ ಇಷ್ಟ. ಆದರೆ ಆ ಬಣ್ಣ ಮುಖ್ಯವಾಗಿ ಬರುವುದು ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್‌ನಿಂದ, ಮತ್ತೆ ಜೆಪೆಗ್ ಮಾಡುವಾಗ ಕಂಪನಿ ಇಟ್ಟ ಲೆಕ್ಕದಿಂದ. ಬೆಳಕನ್ನು ವಿದ್ಯುತ್ ಮಾಡುವ ಚಿಪ್ ಸಿಸಿಡಿಯೋ ಸಿಮಾಸೋ ಅನ್ನುವುದರ ಪಾಲು ಕಡಿಮೆ. ಬಣ್ಣಕ್ಕೋಸ್ಕರ ತೀರಾ ಹಳೇ ಸಣ್ಣ ಕ್ಯಾಮೆರಾ ಹುಡುಕಲು ಹೊರಟರೆ ಒಂದು ವಿಷಯ ನೆನಪಿಡಿ. 2005ರಲ್ಲಿ ಸೋನಿ, ಕ್ಯಾನನ್, ನಿಕಾನ್ ಸೇರಿದಂತೆ ಹಲವು ಕಂಪನಿಗಳು ಒಂದರ ಹಿಂದೊಂದು ಎಚ್ಚರಿಕೆ ಕೊಟ್ಟವು. ಅದಕ್ಕಿಂತ ಎರಡು ಮೂರು ವರ್ಷ ಹಿಂದೆ ಬಂದ ಹಲವು ಮಾಡೆಲ್‌ಗಳಲ್ಲಿ ಸೋನಿ ತಯಾರಿಸಿದ ಸಿಸಿಡಿ ಇತ್ತು. ಬಿಸಿ, ತೇವ ಜಾಸ್ತಿ ಇದ್ದ ಕಡೆ ಅದರ ಒಳಗಿನ ತಂತಿ ಬಿಟ್ಟುಕೊಳ್ಳುತ್ತಿತ್ತು. ಆಗ ಪರದೆ ಕಪ್ಪಾಗುತ್ತದೆ, ಇಲ್ಲವೇ ಚಿತ್ರ ನೇರಳೆ ಬಣ್ಣಕ್ಕೆ ತಿರುಗಿ ಗೆರೆ ಗೆರೆ ಬರುತ್ತದೆ. ಆಗ ಉಚಿತವಾಗಿ ಬದಲಿಸಿ ಕೊಟ್ಟರು. ಇಷ್ಟು ವರ್ಷದ ಮೇಲೆ ಅದನ್ನು ನಂಬಿಕೊಂಡು ಕೊಳ್ಳುವ ಹಾಗಿಲ್ಲ. ಆ ಕಾಲದ ಕೆಲವು ಸಣ್ಣ ಕ್ಯಾಮೆರಾಗಳು ಎಕ್ಸ್‌ಡಿ ಕಾರ್ಡ್ ಕೇಳುತ್ತವೆ, ಅದನ್ನು ಈಗ ಯಾರೂ ಮಾಡುವುದಿಲ್ಲ. ಇನ್ನು ಕೆಲವು 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್ ಓದುವುದಿಲ್ಲ. ಡಿ90ಗೆ ಆ ಕಷ್ಟ ಇಲ್ಲ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡ್ ಹಾಕಿ, 64ರದ್ದು ಬೇಡ.

ಮಗಳ ನೃತ್ಯದ ಬಗ್ಗೆ ಬಿಡಿಸಿ ಹೇಳಲೇಬೇಕು. ಯಾಕೆಂದರೆ ಕ್ಯಾಮೆರಾ ಚೆನ್ನಾಗಿದ್ದೂ ನಿಮಗೆ ನಿರಾಸೆ ಆಗುವ ಜಾಗ ಇದು.

ವೇದಿಕೆ ನಮ್ಮ ಕಣ್ಣಿಗೆ ಬೆಳಗಿದ ಹಾಗೆ ಕಾಣುತ್ತದೆ, ಕ್ಯಾಮೆರಾಗೆ ಅಲ್ಲಿ ಬೆಳಕು ಕಡಿಮೆ. 18-105 ಲೆನ್ಸನ್ನು 105ಕ್ಕೆ ಎಳೆದಾಗ ಅಪರ್ಚರ್ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) 1600 ಇಟ್ಟರೂ ಶಟರ್ ವೇಗ ಸೆಕೆಂಡಿನ 30ನೇ ಒಂದು ಭಾಗಕ್ಕೆ ಇಳಿಯಬಹುದು. ಆ ಹೊತ್ತಿನಲ್ಲಿ ಮಗಳು ಕೈ ಬೀಸಿದರೆ ಕೈ ಇರಬೇಕಾದ ಕಡೆ ಒಂದು ಮಬ್ಬು ಗೆರೆ ಮಾತ್ರ. ಲೆನ್ಸ್ ಮೇಲೆ ವಿಆರ್ ಅಂತ ಬರೆದಿದೆಯಲ್ಲ, ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಇದೇ ಜಾಗದಲ್ಲಿ 50 ಮಿಮೀ ಎಫ್ 1.8 ಲೆನ್ಸ್ ಹಾಕಿ. ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಸೆಕೆಂಡಿನ 30ನೇ ಭಾಗ ಇದ್ದದ್ದು 300ನೇ ಭಾಗ ಆಗುತ್ತದೆ. ಕೈ ಕೈಯಾಗೇ ಬರುತ್ತದೆ, ಗೆಜ್ಜೆಯೂ ಕಾಣುತ್ತದೆ. ಝೂಮ್ ಇರುವುದಿಲ್ಲ, ಮುಂದಿನ ಸಾಲಿಗೆ ಹೋಗಿ ಕೂರಬೇಕು.

ಆ 50 ಮಿಮೀ ಲೆನ್ಸ್, ಹೆಸರಿನ ಕೊನೆಗೆ ಡಿ ಅಂತ ಇರುವ ಹಳೇ ಮಾದರಿಯಲ್ಲಿ, ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಅದರೊಳಗೆ ಫೋಕಸ್ ಮಾಡುವ ಮೋಟಾರ್ ಇಲ್ಲ, ಕ್ಯಾಮೆರಾದ ಮೋಟಾರ್ ಅದನ್ನು ತಿರುಗಿಸಬೇಕು. ಡಿ90ಯಲ್ಲಿ ಆ ಮೋಟಾರ್ ಇದೆ. ಡಿ40, ಡಿ60, ಡಿ3000, ಡಿ5000 ಇವುಗಳಲ್ಲಿ ಇಲ್ಲ. ನಾನು ಡಿ90ಯನ್ನು ಇಷ್ಟಪಡಲು ದೊಡ್ಡ ಕಾರಣ ಇದೇ. ಐಎಸ್ಒ 1600ರವರೆಗೆ ಧೈರ್ಯವಾಗಿ ಬಳಸಿ. 3200ರಲ್ಲಿ ಕಾಳು ಕಾಳು ಕಾಣುತ್ತದೆ. ರಾ ಫೈಲ್‌ನಲ್ಲಿ (ಸೆನ್ಸರ್ ಕೊಟ್ಟದ್ದನ್ನು ಹಾಗೇ ಇಡುವ ಫೈಲ್) ತೆಗೆದರೆ ಈಗಿನ ಸಾಫ್ಟ್‌ವೇರ್ ಆ ಕಾಳನ್ನು ಚೆನ್ನಾಗಿ ಇಳಿಸುತ್ತದೆ, 2008ರಲ್ಲಿ ಇಲ್ಲದ ಅನುಕೂಲ ಅದು.

ಹಕ್ಕಿಗೆ 105 ಮಿಮೀ ಸಾಲುವುದಿಲ್ಲ. ಮರದ ತುದಿಯ ಹಕ್ಕಿ ಒಂದು ಚುಕ್ಕೆಯಾಗಿ ಬರುತ್ತದೆ. 300 ಮಿಮೀ ಬೇಕು. ಮುಂದೆ 70-300 ಕೊಳ್ಳುವಾಗ ಲೆನ್ಸ್ ಮೇಲಿನ ಅಕ್ಷರ ಓದಿ. ಎಎಫ್-ಎಸ್ ಅಂತ ಇದ್ದರೆ ಸರಿ. ಎಎಫ್-ಪಿ ಅಂತ ಇದ್ದರೆ ಡಿ90ಯಲ್ಲಿ ಅದು ಫೋಕಸ್ ಆಗುವುದಿಲ್ಲ. ಎರಡೂ ನೋಡಲು ಒಂದೇ ಥರ ಇರುತ್ತವೆ, ತಿಳಿಯದೆ ಕೊಂಡು ನನ್ನ ಹತ್ತಿರ "ಕೆಟ್ಟಿದೆ, ನೋಡಿ" ಅಂತ ತಂದವರು ಒಬ್ಬರಿಬ್ಬರಲ್ಲ.

ಸರಿ, ಎರಡು ಕ್ಯಾಮೆರಾಗಳನ್ನೂ ನೋಡಲು ಹೋಗಿ. ನಾನಾದರೆ ಹೀಗೆ ನೋಡುತ್ತೇನೆ, ಅರ್ಧ ಗಂಟೆ ಸಾಕು. ಒಂದು ಸಣ್ಣ ಟಾರ್ಚ್, ಒಂದು ಖಾಲಿ ಕಾರ್ಡ್ ಜೊತೆಗಿರಲಿ. ಆಗುವುದಾದರೆ ಲ್ಯಾಪ್‌ಟಾಪ್ ಕೂಡ.

ಮೊದಲು ಬ್ಯಾಗ್ ತೆರೆದು ಮೂಸಿ. ಮುಗ್ಗಲು ವಾಸನೆ ಬಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಹಿಡಿಕೆ ರಬ್ಬರ್ ಮೇಲೆ ಹೆಬ್ಬೆರಳು ಒತ್ತಿ ಎಳೆಯಿರಿ. ಅಂಟಬಾರದು, ಜಾರಿ ಕಿತ್ತು ಬರಬಾರದು. ಅಡಿಯ ಸ್ಕ್ರೂಗಳ ತಲೆ ನೋಡಿ. ಕೆರೆದ ಗುರುತಿದ್ದರೆ ಯಾರೋ ಬಿಚ್ಚಿದ್ದಾರೆ, ಯಾಕೆ ಅಂತ ಕೇಳಿ. ಬಿಚ್ಚಿದ್ದೇ ತಪ್ಪಲ್ಲ, ಉತ್ತರ ಸರಿಯಾಗಿ ಬರಬೇಕು. ಒಂದು ಮಾತು, ನೀವಾಗಿ ಕ್ಯಾಮೆರಾ ಬಿಚ್ಚಲು ಹೋಗಬೇಡಿ. ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಬಹಳ ಹೊತ್ತು ಹಾಗೇ ಇರಬಹುದು.

ಆಮೇಲೆ ಲೆನ್ಸ್ ಬಿಚ್ಚಿ. ಈ 18-105 ಲೆನ್ಸ್ ಕ್ಯಾಮೆರಾಗೆ ಕೂರುವ ಭಾಗ ಪ್ಲಾಸ್ಟಿಕ್, ಅಲ್ಲಿ ಬಿರುಕು, ಸವೆತ ನೋಡಿ. ಫೋಟೊಗ್ರಾಫರ್ ಕ್ಯಾಮೆರಾದಲ್ಲಿ ಇದನ್ನು ವಿಶೇಷವಾಗಿ ನೋಡಿ. ಲೆನ್ಸ್ ಹಿಂದಿನ ಸಣ್ಣ ಸನ್ನೆಯನ್ನು (ಲಿವರ್) ಬೆರಳಿನಿಂದ ಮೆಲ್ಲಗೆ ಸರಿಸಿ ಅಪರ್ಚರ್ ಪೂರ್ತಿ ತೆರೆದು ಹಿಡಿಯಿರಿ, ಹಿಂದಿನಿಂದ ಟಾರ್ಚ್ ಬಿಡಿ. ನೇರ ನೋಡಬೇಡಿ, ಸ್ವಲ್ಪ ಓರೆ ಮಾಡಿ, ಆಗಲೇ ಎಳೆಗಳು ಕಾಣುವುದು. ಬಿಡಿ ಬಿಡಿ ಚುಕ್ಕೆ ಧೂಳು, ಬಿಟ್ಟುಬಿಡಿ. ಕವಲೊಡೆದ ಎಳೆ ಅಂದರೆ ಫಂಗಸ್. ಹೊರಗಿನ ಗಾಜಿನ ಮೇಲೆ ಈಗ ತಾನೇ ಶುರುವಾಗಿದ್ದರೆ ಒರೆಸಿ ತೆಗೆಯಬಹುದು. ಒಳಗಿನ ಗಾಜಿನಲ್ಲಿ ಹಬ್ಬಿದ್ದರೆ ಆ ಲೆನ್ಸ್‌ಗೆ ಬೆಲೆ ಕಟ್ಟಬೇಡಿ. ಸನ್ನೆ ಬಿಟ್ಟಾಗ ಎಲೆಗಳು ಟಪ್ ಅಂತ ಮುಚ್ಚಬೇಕು. ಸೋಮಾರಿ ಹಾಗೆ ಮುಚ್ಚಿದರೆ ಎಣ್ಣೆ ಇಳಿದಿದೆ.

ಲೆನ್ಸ್ ಹಾಕಿ ಫೋಟೊ ತೆಗೆಯಲು ಶುರು ಮಾಡಿ. ಶಟರ್ ವೇಗ 1/4000ಕ್ಕೆ ಇಟ್ಟು ಬೆಳಕಿರುವ ಕಡೆ ನಾಲ್ಕೈದು ತೆಗೆಯಿರಿ. ಒಂದು ಕಡೆ ಕಪ್ಪು ಪಟ್ಟಿ ಬಂದರೆ ಶಟರ್ ಪರದೆ ಎಡವುತ್ತಿದೆ, ಆ ಕ್ಯಾಮೆರಾ ಬೇಡ. ಈಗ ಎಫ್ 22 ಇಟ್ಟು, ಫೋಕಸ್ ಬೇಕಂತಲೇ ತಪ್ಪಿಸಿ, ಖಾಲಿ ಬಿಳಿ ಗೋಡೆ ತೆಗೆಯಿರಿ. ದೊಡ್ಡದು ಮಾಡಿ ನೋಡಿ. ಮಬ್ಬು ಬೂದು ಚುಕ್ಕೆಗಳು ಸೆನ್ಸರ್ ಮೇಲಿನ ಧೂಳು, ದುಡಿದ ಕ್ಯಾಮೆರಾದಲ್ಲಿ ಇದ್ದೇ ಇರುತ್ತವೆ, ಶುಚಿ ಮಾಡಿಸಿದರೆ ಹೋಗುತ್ತವೆ. ಬೇರಿನ ಹಾಗೆ ಕವಲಾದ ಗೆರೆ ಕಂಡರೆ ಫಂಗಸ್ ಸೆನ್ಸರ್ ಮೇಲಿನ ಗಾಜಿಗೂ ಬಂದಿದೆ. ಆಮೇಲೆ ಲೆನ್ಸ್‌ಗೆ ಮುಚ್ಚಳ ಹಾಕಿ, ಫೋಕಸನ್ನು ಮ್ಯಾನುಯಲ್‌ಗೆ ಇಟ್ಟು, ಒಂದು ಫೋಟೊ 1/60ರಲ್ಲಿ, ಇನ್ನೊಂದು ಹತ್ತು ಸೆಕೆಂಡಿನಲ್ಲಿ ತೆಗೆಯಿರಿ. ಹತ್ತು ಸೆಕೆಂಡಿನದರಲ್ಲಿ ಕೆಲವು ಬಣ್ಣದ ಚುಕ್ಕೆ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. 1/60ರಲ್ಲೇ ಕಂಡರೆ ನಿಮ್ಮ ಎಲ್ಲ ಫೋಟೊಗಳಲ್ಲೂ ಅವು ಬರುತ್ತವೆ.

ಫೋಕಸ್ ಪರೀಕ್ಷೆ ಅವಸರ ಮಾಡಬೇಡಿ. ಒಂದು ಪುಸ್ತಕವನ್ನು ಓರೆಯಾಗಿ ಇಟ್ಟು ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ, 105 ಮಿಮೀಯಲ್ಲಿ ತೆಗೆಯಿರಿ. ಬೇರೆ ಸಾಲು ಸ್ಪಷ್ಟ ಬಂದು ಆ ಸಾಲು ಮಬ್ಬಾದರೆ ಫೋಕಸ್ ಆಚೀಚೆ ಆಗಿದೆ. ಡಿ90ಯ ಮೆನುವಿನಲ್ಲಿ ಅದನ್ನು ತಿದ್ದುವ ದಾರಿ ಇಲ್ಲ, ಬಿಚ್ಚಿಯೇ ಸರಿ ಮಾಡಬೇಕು. ಎಫ್ 1.8 ಲೆನ್ಸ್ ಹಾಕಿದಾಗ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಫ್ಲ್ಯಾಶ್ ಎತ್ತಿ ನಾಲ್ಕು ಸಲ ಹೊಡೆಸಿ. ಎರಡೂ ಡಯಲ್ ತಿರುಗಿಸಿ, ಸಂಖ್ಯೆ ಹಾರಬಾರದು. ಕೊನೆಗೆ ಮೆನುವಿನಲ್ಲಿ ಬ್ಯಾಟರಿ ಮಾಹಿತಿ ತೆರೆಯಿರಿ. ಸೊನ್ನೆಯಿಂದ ನಾಲ್ಕರವರೆಗೆ ಬ್ಯಾಟರಿ ವಯಸ್ಸು ತೋರಿಸುತ್ತದೆ. ನಾಲ್ಕು ಅಂದರೆ ಮುಗಿದ ಹಾಗೆ. ಅದಕ್ಕಾಗಿ ಕ್ಯಾಮೆರಾ ಬಿಡಬೇಡಿ. ಇದೇ ಇಎನ್-ಇಎಲ್3ಇ ಬ್ಯಾಟರಿ ಡಿ80, ಡಿ200, ಡಿ300, ಡಿ700 ಎಲ್ಲಕ್ಕೂ ಬರುತ್ತದೆ, ಹಾಗಾಗಿ ಈಗಲೂ ಸಿಗುತ್ತದೆ. ಬೇರೆ ಕಂಪನಿಯದೂ ನಡೆಯುತ್ತದೆ, ತೀರಾ ಅಗ್ಗದ್ದು ಮಾತ್ರ ಬೇಡ.

ನನ್ನ ಅಭಿಪ್ರಾಯ ಕೇಳಿದರೆ ನಾನು ಎರಡನೆಯದನ್ನೇ ತಗೊಳ್ತೀನಿ. ಕಳೆದ ವಾರ ಕೆಲಸ ಮಾಡಿದ ಕ್ಯಾಮೆರಾ ಮುಂದಿನ ವಾರವೂ ಮಾಡುತ್ತದೆ ಅನ್ನುವ ನಂಬಿಕೆ ನನಗೆ ಜಾಸ್ತಿ. ಬಣ್ಣ ಹೋದದ್ದಕ್ಕೆ ಬೆಲೆ ಇಳಿಸಿ ಕೇಳಿ, ಉಳಿದ ಹಣ 50 ಮಿಮೀ ಲೆನ್ಸ್‌ಗೆ ಇಡಿ. ಇದರಲ್ಲಿ ಅಪಾಯ ಇಲ್ಲ ಅಂತ ಹೇಳಲಾರೆ. ಶಟರ್ ನಾಳೆಯೇ ಹೋಗಬಹುದು. ಹೋದರೆ ರಿಪೇರಿ ಮಾಡಿಸಬೇಡಿ ಅಂತ ರಿಪೇರಿ ಮಾಡುವ ನಾನೇ ಹೇಳುತ್ತೇನೆ. ಇಷ್ಟು ಹಳೇ ಕ್ಯಾಮೆರಾಗೆ ಹೊಸ ಶಟರ್ ಹಾಕುವ ಖರ್ಚಿನಲ್ಲಿ ಇನ್ನೊಂದು ಬಾಡಿಯೇ (ಲೆನ್ಸ್ ಇಲ್ಲದ ಕ್ಯಾಮೆರಾ) ಬರುತ್ತದೆ. ಲೆನ್ಸ್, ಬ್ಯಾಟರಿ, ಕಾರ್ಡ್ ಎಲ್ಲ ಅದಕ್ಕೂ ಆಗುತ್ತವೆ. ನೀವು ಹೇಳಿದ ಹಾಗೆ ಹಣವೆಲ್ಲ ನೀರಿಗೆ ಹೋಗುವುದಿಲ್ಲ, ಒಂದು ಪಾಲು ಹೋಗುತ್ತದೆ.

ಮೊದಲನೆಯದನ್ನು ಬೇಡವೇ ಬೇಡ ಅಂತಲೂ ಹೇಳುವುದಿಲ್ಲ. ಒಣ ಹವೆಯ ಊರಲ್ಲಿ ಇದ್ದಿದ್ದರೆ, ಮಧ್ಯೆ ಮಧ್ಯೆ ಯಾರಾದರೂ ತೆಗೆದು ಬಳಸಿದ್ದರೆ ಅದು ಅಪ್ಪಟ ಚಿನ್ನ ಆಗಿರಲೂಬಹುದು. ಟಾರ್ಚ್ ಪರೀಕ್ಷೆಯಲ್ಲಿ ಪಾಸಾದರೆ ಒಂದು ಕೆಲಸ ಮಾಡಿ. ಪರಿಚಿತರೇ ಅಲ್ವಾ, ಒಂದು ವಾರ ಬಳಸಿ ನೋಡಿ ಹಣ ಕೊಡ್ತೀನಿ ಅಂತ ಬಾಯಿಬಿಟ್ಟು ಕೇಳಿ. ದಿನಾ ನೂರು ಫೋಟೊ ತೆಗೆಯಿರಿ. ನಿಂತು ನಿಂತು ಜಡವಾದ ಭಾಗ ಕೈ ಕೊಡುವುದಿದ್ದರೆ ಸಾಮಾನ್ಯವಾಗಿ ಮೊದಲ ಕೆಲವು ನೂರು ಕ್ಲಿಕ್‌ಗಳಲ್ಲೇ ಕೊಡುತ್ತದೆ. ಡಬ್ಬ ಇದೆ, ಗೀರಿಲ್ಲ ಅನ್ನುವುದಕ್ಕೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ.

ಮೂರನೆಯ ದಾರಿಯೂ ಇದೆ. ನಿಮ್ಮ ಮುಕ್ಕಾಲು ಪಾಲು ಫೋಟೊ ವೇದಿಕೆಯದೇ ಆಗುವುದಿದ್ದರೆ, ಇನ್ನೊಂದಷ್ಟು ತಿಂಗಳು ಹಣ ಕೂಡಿಸಿ 2010ರ ಡಿ7000 ಹುಡುಕಿ. 16 ಮೆಗಾಪಿಕ್ಸೆಲ್, ಕಡಿಮೆ ಬೆಳಕಿನಲ್ಲಿ ಡಿ90ಗಿಂತ ಮೇಲು. ಶಟರ್ ಒಂದೂವರೆ ಲಕ್ಷಕ್ಕೆ ಪರೀಕ್ಷೆ ಆದದ್ದು. ಬಾಡಿಯಲ್ಲೇ ಮೋಟಾರ್ ಇದೆ, ಫೋಕಸ್ ತಿದ್ದುವ ಮೆನುವೂ ಇದೆ. ಎಎಫ್-ಪಿ ಲೆನ್ಸ್ ವಿಷಯದಲ್ಲಿ ಮಾತ್ರ ಅದೂ ಡಿ90ಯ ಹಾಗೇ, ಆಗುವುದಿಲ್ಲ.

ಯಾವುದೇ ಕೊಂಡರೂ ಆ ಚರ್ಮದ ಬ್ಯಾಗಿನಲ್ಲಿ ಇಡಬೇಡಿ. ಹೊರಗಿನ ತೇವದ ಗಾಳಿ ಒಳಗೆ ಬರದ ಹಾಗೆ ಬಿಗಿಯಾಗಿ ಮುಚ್ಚುವ ಒಂದು ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮೀಟರ್ ಸಾಕು. ಮೀಟರ್ 40ರಿಂದ 50 ಶೇಕಡಾ ನಡುವೆ ಇರಲಿ, 60 ದಾಟಿದರೆ ಜೆಲ್ ಬಿಸಿ ಮಾಡಿ ಒಣಗಿಸಿ. ಬಹಳ ದಿನ ಬಳಸುವುದಿಲ್ಲ ಅಂದರೆ ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ ಹೊರಗೆ ತೆಗೆದಿಡಿ. ತಿಂಗಳಿಗೆ ಒಂದು ಸಲವಾದರೂ ಹೊರಗೆ ತೆಗೆದು ಝೂಮ್ ನಾಲ್ಕು ಸಲ ಎಳೆಯಿರಿ, ಫ್ಲ್ಯಾಶ್ ಹೊಡೆಸಿ, ಇಪ್ಪತ್ತು ಫೋಟೊ ತೆಗೆಯಿರಿ. ಮನೆ ಹಿಂದೆ ಮರ ಇದೆಯಲ್ಲ, ಅಲ್ಲೇ ಹೋಗಿ ತೆಗೆಯಿರಿ.